ಎಂಜಿಬಿ ಕಾರಿನ ಪುನಶ್ಚೇತನ
ಎಂಜಿಬಿಯು ಇಂಗ್ಲೆಂಡಿನ ಆಬಿಂಗ್ಡನ್ ಪಟ್ಟಣದಲ್ಲಿ 1962ರಿಂದ 1980ರವರೆಗೆ ತಯಾರಾದ ಸ್ಪೋರ್ಟ್ಸ್ ಕಾರು. ಇದಕ್ಕೆ ಪ್ರತ್ಯೇಕ ಚಾಸಿ ಇಲ್ಲ. ಉಕ್ಕಿನ ತಗಡುಗಳನ್ನು ಬೆಸೆದು ರಚಿಸಿದ ಬಾಡಿಯೇ ಸಮಸ್ತ ಭಾರವನ್ನು ಹೊರುತ್ತದೆ. ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ‘ಸಿಲ್’ ಎಂಬ ಪೊಳ್ಳು ಭಾಗಗಳು ಈ ರಚನೆಯ ಮುಖ್ಯ ಆಧಾರ. ಅವುಗಳೊಳಗೆ ನೀರು, ಕೆಸರು ನಿಂತು ತುಕ್ಕು ಒಳಗಿನಿಂದಲೇ ಹರಡುತ್ತದೆ. ಆದ್ದರಿಂದ ಹೊರಗೆ ಬಣ್ಣ ಬಳಿದರೆ ಸಾಲದು; ಶಿಥಿಲವಾದ ಲೋಹವನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸೆಯಬೇಕು.

ಮೇಲ್ಛಾವಣಿಯಿಲ್ಲದ ಮಾದರಿಯಲ್ಲಿ, ಕತ್ತರಿಸುವ ಮುನ್ನ ಬಾಗಿಲಿನ ತೆರವಿಗೆ ಅಡ್ಡಲಾಗಿ ಉಕ್ಕಿನ ಆಸರೆ ಬಿಗಿಯುವುದು ಅವಶ್ಯಕ. ಇಲ್ಲವಾದರೆ ಬಾಡಿಯು ನಡುವೆ ಬಾಗಿ, ಬಾಗಿಲುಗಳು ಸರಿಯಾಗಿ ಮುಚ್ಚುವುದಿಲ್ಲ. ದುರಸ್ತಿಗೆ ಮೀರಿದ ಕಾರುಗಳಿಗಾಗಿ 1988ರಲ್ಲಿ ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆಯು ಹಳೆಯ ಅಚ್ಚುಗಳನ್ನೇ ಬಳಸಿ ಹೊಸ ಬಾಡಿಗಳನ್ನು ಹೊರತಂದಿತು.