ಸಮಾಧಾನದ ಮಾತುಗಳು

ಪರೀಕ್ಷೆಯ ದಿನ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಕಿವಿಗೊಟ್ಟು ನಿಂತರೆ ಒಂದೇ ಮಾತು ಹಲವು ಭಾಷೆಗಳಲ್ಲಿ ಕೇಳಿಬರುತ್ತದೆ. ಒಬ್ಬನು ಕನ್ನಡದಲ್ಲಿ 'ಹೆದರಬೇಡ' ಎಂದರೆ ಇನ್ನೊಬ್ಬನು ತುಳುವಿನಲ್ಲಿ 'ಪೋಡಿಯಡ' ಎನ್ನುತ್ತಾನೆ. ಹವ್ಯಕರ ಮನೆಮಾತಿನಲ್ಲಿ ಅದು 'ಹೆದರೆಡ', ಮಲಯಾಳದಲ್ಲಿ 'ಪೇಡಿಕ್ಕೇಂಡ', ಕೊಂಕಣಿಯಲ್ಲಿ 'ಭಿಯೆನಾಕಾ'. 1984ರಲ್ಲಿ ಜಿಲ್ಲೆಯಾದ ನಮ್ಮ ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಕರೆಯುವುದು ಸುಮ್ಮನೆ ಅಲ್ಲ.

ಇಂತಹ ಮಾತುಗಳನ್ನು ನಾವು ಯೋಚಿಸದೆ ಆಡಿಬಿಡುತ್ತೇವೆ. ಅರ್ಥವನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಇನ್ನೂ ಮೂರು ಬಗೆಗಳು ಕಾಣುತ್ತವೆ.

ಮೊದಲನೆಯದು, ಆದದ್ದು ದೊಡ್ಡದಲ್ಲ ಎನ್ನುವುದು. ಕೈತಾಗಿ ನಮ್ಮ ಪುಸ್ತಕದ ಮೇಲೆ ನೀರು ಚೆಲ್ಲಿತೆಂದು ಗೆಳೆಯನು ಕಳವಳಗೊಂಡರೆ 'ಸಾರ ಇಲ್ಲ' ಎನ್ನುತ್ತೇವೆ. ಮಲಯಾಳದ 'ಸಾರಮಿಲ್ಲ', ಹವ್ಯಕರ 'ಸಾರ ಇಲ್ಲೆ' ಇದರ ಒಡಹುಟ್ಟುಗಳು. ಸಾರವೆಂದರೆ ತಿರುಳು, ತಿರುಳಿಲ್ಲದ ಸಂಗತಿಗೆ ಚಿಂತೆ ಏಕೆ ಎಂಬುದು ಭಾವ. ಘಟ್ಟದ ಮೇಲಿನವರು ಇಲ್ಲಿ 'ಪರವಾಗಿಲ್ಲ' ಎನ್ನುತ್ತಾರೆ. ಚಿಂತೆ, ಲಕ್ಷ್ಯ ಎಂಬರ್ಥದ ಪಾರಸಿ ಶಬ್ದ 'ಪರ್ವಾ' ಅದರಲ್ಲಿ ಅಡಗಿದೆ.

ಎರಡನೆಯದು, ಕೆಡುಕೇನೂ ಆಗದು ಎನ್ನುವುದು. ತುಳುವಿನ 'ದಾಲಾ ಆಪುಜಿ' ಎಂದರೆ 'ಏನೂ ಆಗುವುದಿಲ್ಲ'. ದೂರದ ಸ್ಪೇನ್ ದೇಶದವರು ಸಮಾಧಾನ ಹೇಳಲು 'ನೋ ಪಾಸಾ ನಾದಾ' ಎನ್ನುತ್ತಾರೆ. ಆಶ್ಚರ್ಯವೆಂದರೆ, ಅದರ ಶಬ್ದಾರ್ಥವೂ 'ಏನೂ ಆಗುವುದಿಲ್ಲ' ಎಂದೇ!

ಮೂರನೆಯದು 'ನಾನಿದ್ದೇನೆ' ಎನ್ನುವುದು. ತುಳುವಿನಲ್ಲಿ 'ಯಾನುಲ್ಲೆ', ಹವ್ಯಕರಲ್ಲಿ 'ಆನಿದ್ದೆ', ಮಲಯಾಳದಲ್ಲಿ 'ಞಾನುಂಡ್'. ಇದು ದುಃಖವನ್ನು ಸಣ್ಣದೆನ್ನುವುದಿಲ್ಲ, ನಾಳೆಯ ಭರವಸೆಯನ್ನೂ ಕೊಡುವುದಿಲ್ಲ. ಜತೆಗಿರುತ್ತೇನೆ ಎನ್ನುತ್ತದೆ, ಅಷ್ಟೆ.

ಯಾವ ಮಾತು ಎಲ್ಲಿಗೆ ಸಲ್ಲುತ್ತದೆ ಎಂಬುದನ್ನು ನಾವು ತಡವಾಗಿ ಕಲಿತೆವು. ಸಹಪಾಠಿಯೊಬ್ಬನ ತಂದೆ ತೀರಿಕೊಂಡಾಗ ನಾವು ಕೆಲವರು ಅವನ ಮನೆಗೆ ಹೋಗಿದ್ದೆವು. ಏನು ಹೇಳುವುದೆಂದು ತೋಚದೆ 'ಸಾರ ಇಲ್ಲ, ಎಲ್ಲ ಸರಿಯಾಗುತ್ತದೆ' ಎಂದೆವು. ಅವನು ಮುಖ ತಿರುಗಿಸಿದನು. ಸ್ವಲ್ಪ ಹೊತ್ತಿನಲ್ಲಿ ನೆರೆಮನೆಯ ಅಜ್ಜಿಯೊಬ್ಬರು ಬಂದು ಅವನ ತಲೆ ಸವರಿ 'ಯಾನುಲ್ಲೆ ಮಗಾ' ಎಂದರು. ಅಲ್ಲಿಯವರೆಗೆ ಕಲ್ಲಿನಂತೆ ಕುಳಿತಿದ್ದವನು ಅವರ ಮಡಿಲಲ್ಲಿ ಮುಖವಿಟ್ಟು ಅತ್ತನು. ನಮ್ಮ ಮಾತಿನ ತಪ್ಪು ಆಗ ನಮಗೆ ತಿಳಿಯಿತು.

ನಮಗಾದ ಸಣ್ಣ ನಷ್ಟಕ್ಕೆ 'ಸಾರ ಇಲ್ಲ' ಎನ್ನುವುದು ದೊಡ್ಡತನ. ಇತರರ ದೊಡ್ಡ ನಷ್ಟಕ್ಕೆ ಹಾಗೆನ್ನುವುದು ಸಲ್ಲದು. ಅಲ್ಲಿ ಬೇಕಾದದ್ದು ಜತೆ.

ಹೆತ್ತವರಲ್ಲಿ ನಮ್ಮ ವಿನಂತಿಯೂ ಇಷ್ಟೇ. ಅಂಕ ಕಡಿಮೆಯಾಗಿ ನಾವು ತಲೆತಗ್ಗಿಸಿ ಮನೆಗೆ ಬಂದ ದಿನ ಬುದ್ಧಿಮಾತು ನಾಳೆಗಿರಲಿ. ಮೊದಲು ನಿಮ್ಮ ಮನೆಮಾತು ಯಾವುದೋ ಅದರಲ್ಲೇ 'ಹೆದರಬೇಡ, ನಾವಿದ್ದೇವೆ' ಎನ್ನಿರಿ.