ವಾಹನದ ದಂಡದ ಚೀಟಿ: ಹುಡುಕುವುದು, ತೀರಿಸುವುದು, ಕಾಪಾಡುವುದು



ರಾಸುಗಳ ಆರೋಗ್ಯದ ಬಗ್ಗೆ ಬರೆಯಬೇಕಾದವರು ಪೊಲೀಸರ ದಂಡದ ಚೀಟಿಯ ಬಗ್ಗೆ ಬರೆಯುವುದೇಕೆ ಎಂದು ತಮಗೆ ಅನ್ನಿಸಬಹುದು. ಸಂಘಕ್ಕೆ ಹಾಲಿನ ಕ್ಯಾನು ತರುವುದು, ಪಶು ಆಹಾರದ ಚೀಲ ಒಯ್ಯುವುದು, ಹುಲ್ಲು ಹೇರುವುದು ಎಲ್ಲವೂ ಇಂದು ವಾಹನದಿಂದಲೇ ನಡೆಯುತ್ತಿದೆ. ಹಳ್ಳಿಗಳಿಗೆ ಭೇಟಿ ಕೊಟ್ಟಾಗ ಅನೇಕ ಸದಸ್ಯರು ಮೊಬೈಲಿಗೆ ಬಂದ ದಂಡದ ಸಂದೇಶವನ್ನೋ ನ್ಯಾಯಾಲಯದ ಸಮನ್ಸನ್ನೋ ತೋರಿಸಿ ಏನು ಮಾಡಬೇಕೆಂದು ಕೇಳುತ್ತಾರೆ. ಆದ್ದರಿಂದ ಈ ಲೇಖನ.

ದಂಡದ ಚೀಟಿಯನ್ನು ಕಂಡೂ ಕಾಣದಂತೆ ಇಟ್ಟರೆ ಅದು ತಾನಾಗಿ ಮಾಯವಾಗುವುದಿಲ್ಲ. ನ್ಯಾಯಾಲಯಕ್ಕೆ ಹೋಗುತ್ತದೆ, ಸಮನ್ಸಿಗೆ ಹಾಜರಾಗದಿದ್ದರೆ ವಾರಂಟು ಹೊರಡಬಹುದು. ವಾಹನ ಮಾರುವಾಗ ಹೆಸರು ವರ್ಗಾವಣೆಗೆ ತಡೆ ಬೀಳಬಹುದು. ಬೆಳಗಿನ ಹಾಲು ಹೊತ್ತ ವಾಹನವನ್ನು ದಾರಿಯಲ್ಲಿ ತಡೆದು ಹಳೆಯ ಬಾಕಿ ಕೇಳಿದರೆ ಹಾಲು ಕಾಯುವುದಿಲ್ಲ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಹಿಡಿಯುವ ಸ್ಥಿತಿ ತಂದುಕೊಳ್ಳಬಾರದು.

ಮೊದಲು ತಿಳಿಯಬೇಕಾದದ್ದು: ಪ್ರಕರಣ ಎಲ್ಲಿದೆ?

ರೋಗ ಯಾವುದೆಂದು ತಿಳಿಯದೆ ಔಷಧಿ ಕೊಡಲಾಗದು. ಹಾಗೆಯೇ ಪ್ರಕರಣ ಎಲ್ಲಿದೆ ಎಂದು ತಿಳಿಯದೆ ಹಣ ಕಟ್ಟಬಾರದು. ಸಾಮಾನ್ಯವಾಗಿ ಅದು ಈ ಮೂರರಲ್ಲಿ ಒಂದು ಕಡೆ ಇರುತ್ತದೆ.

1. ಪೊಲೀಸ್ ಅಥವಾ ಆರ್‌.ಟಿ.ಒ. ಹಂತ: ದಂಡ ಹಾಕಲಾಗಿದೆ, ನ್ಯಾಯಾಲಯಕ್ಕೆ ಇನ್ನೂ ಹೋಗಿಲ್ಲ. ಕೇಂದ್ರ ಸರ್ಕಾರದ 'ಇ-ಚಲನ್ ಪರಿವಾಹನ್' ತಾಣದಲ್ಲಿ ಚಲನ್ ಸಂಖ್ಯೆ, ವಾಹನ ಸಂಖ್ಯೆ ಅಥವಾ ಚಾಲನಾ ಪರವಾನಗಿ ಸಂಖ್ಯೆ ಕೊಟ್ಟು ನೋಡಬಹುದು. ವಾಹನ ಸಂಖ್ಯೆಯಿಂದ ಹುಡುಕುವಾಗ ಚಾಸಿ ಅಥವಾ ಎಂಜಿನ್ ಸಂಖ್ಯೆಯ ಕೊನೆಯ ಅಂಕಿಗಳನ್ನು ಕೇಳುವುದರಿಂದ ಆರ್‌.ಸಿ. ಕೈಯಲ್ಲಿರಲಿ. ಪಟ್ಟಣದ ಸಂಚಾರ ಠಾಣೆ ಮತ್ತು ಕರ್ನಾಟಕ ಒನ್ ಕೇಂದ್ರದಲ್ಲಿಯೂ ವಿಚಾರಿಸಬಹುದು.

2. ವರ್ಚುವಲ್ ಕೋರ್ಟ್: ಇಲ್ಲಿ ಪ್ರಕರಣ ನ್ಯಾಯಾಧೀಶರ ಮುಂದೆ ಹೋಗಿರುತ್ತದೆ, ಆದರೆ ತಾವು ಹೋಗಿ ನಿಲ್ಲಬೇಕಾಗಿಲ್ಲ. ಇದರ ತಾಣದಲ್ಲಿ ಕರ್ನಾಟಕವನ್ನು ಆರಿಸಿ ಚಲನ್ ಅಥವಾ ವಾಹನ ಸಂಖ್ಯೆ, ಮೊಬೈಲ್ ಸಂಖ್ಯೆ, ಹೆಸರು ಇವುಗಳಲ್ಲಿ ಒಂದರಿಂದ ಹುಡುಕಬಹುದು. ದಂಡ ಕಟ್ಟುವುದು ಅಥವಾ ಪ್ರಶ್ನಿಸುವುದು ಎಂಬ ಎರಡು ದಾರಿ ಇರುತ್ತವೆ. ಪ್ರಶ್ನಿಸಿದರೆ ಪ್ರಕರಣ ಆ ವ್ಯಾಪ್ತಿಯ ಸಾಮಾನ್ಯ ನ್ಯಾಯಾಲಯಕ್ಕೆ ಬರುತ್ತದೆ.

3. ತಾಲ್ಲೂಕು ಅಥವಾ ಜಿಲ್ಲಾ ಕೇಂದ್ರದ ನ್ಯಾಯಾಲಯ: 'ಇ-ಕೋರ್ಟ್ಸ್ ಸರ್ವೀಸಸ್' ಎಂಬ ತಾಣ ಮತ್ತು ಮೊಬೈಲ್ ಆ್ಯಪ್‌ನಲ್ಲಿ ನೋಡಬೇಕು. ಪ್ರತಿ ಪ್ರಕರಣಕ್ಕೂ 16 ಅಕ್ಷರ-ಅಂಕಿಗಳ ಸಿ.ಎನ್‌.ಆರ್‌. ಸಂಖ್ಯೆ ಇರುತ್ತದೆ. ನಮ್ಮ ರಾಜ್ಯದ್ದು 'ಕೆಎ' ಎಂದು ಆರಂಭವಾಗುತ್ತದೆ. ಅದು ಗೊತ್ತಿಲ್ಲದಿದ್ದರೆ ಜಿಲ್ಲೆ, ನ್ಯಾಯಾಲಯದ ಸಂಕೀರ್ಣ ಆರಿಸಿ ಹೆಸರು ಮತ್ತು ವರ್ಷದಿಂದ, ಅಥವಾ ಠಾಣೆಯ ಹೆಸರು ಮತ್ತು ಎಫ್‌.ಐ.ಆರ್‌. ಸಂಖ್ಯೆಯಿಂದ ಹುಡುಕಬಹುದು. ಮುಂದಿನ ವಾಯಿದೆ, ಪ್ರಕರಣದ ಹಂತ, ಆಗಿರುವ ಆದೇಶ ಇದರಲ್ಲಿ ಕಾಣುತ್ತವೆ.

ಹೆಸರಿನಿಂದ ಹುಡುಕುವಾಗ ಒಂದು ಎಚ್ಚರಿಕೆ. ನಂಜುಂಡಪ್ಪ, ಪುಟ್ಟಸ್ವಾಮಿ ಮೊದಲಾದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಬರೆಯುತ್ತಾರೆ. ಪೂರ್ತಿ ಹೆಸರಿಗೆ ಸಿಗದಿದ್ದರೆ ಮೊದಲ ಕೆಲವು ಅಕ್ಷರ ಮಾತ್ರ ಕೊಟ್ಟು ನೋಡಿ. ಒಂದೇ ಹೆಸರಿನವರು ಹಲವರಿರುವುದರಿಂದ ಠಾಣೆ ಮತ್ತು ದಿನಾಂಕವನ್ನು ತಾಳೆ ನೋಡದೆ ಅದು ತಮ್ಮದೇ ಎಂದು ತೀರ್ಮಾನಿಸಬಾರದು. ಆನ್‌ಲೈನ್‌ನಲ್ಲಿ ಸಿಗದಿದ್ದರೆ ನೋಟೀಸಿನೊಂದಿಗೆ ನ್ಯಾಯಾಲಯದ ಕಚೇರಿಗೆ ಹೋಗಿ ಕೇಳಿ. ದಾಖಲೆಯ ದೃಢೀಕೃತ ನಕಲು ಬೇಕಾದರೆ ನಕಲು ವಿಭಾಗಕ್ಕೆ ಅರ್ಜಿ ಕೊಟ್ಟು ನಿಗದಿತ ಶುಲ್ಕ ಕಟ್ಟಬೇಕು.

ತೀರಿಸುವ ಕ್ರಮ

ಚಲನ್‌ನಲ್ಲಿರುವ ಚಿತ್ರವನ್ನು ಮೊದಲು ನೋಡಿ. ವಾಹನ ತಮ್ಮದೇ? ದಿನಾಂಕ, ಸ್ಥಳ ಸರಿಯೇ? ಸಂಖ್ಯೆ ತಪ್ಪಾಗಿ ಓದಿದ್ದರೆ ಆರ್‌.ಸಿ. ನಕಲು ಮತ್ತು ತಮ್ಮ ವಾಹನದ ಫೋಟೋದೊಂದಿಗೆ ದಂಡ ಹಾಕಿದ ಠಾಣೆಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ.

ತಪ್ಪು ನಿಜವಾಗಿದ್ದರೆ ಬೇಗ ಕಟ್ಟಿಬಿಡುವುದು ಲೇಸು. ಬಾಕಿ ಸಂಚಾರ ದಂಡಕ್ಕೆ ಸರ್ಕಾರವು 2023ರ ಫೆಬ್ರವರಿಯಲ್ಲಿ, ಮತ್ತೆ 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಶೇಕಡ 50 ರಿಯಾಯಿತಿ ಕೊಟ್ಟಿತ್ತು. ಅಂಥ ಅವಕಾಶ ಬಂದರೆ ಬಳಸಿಕೊಳ್ಳಿ, ಆದರೆ ಅದನ್ನೇ ನಂಬಿ ಸಮನ್ಸನ್ನು ಬದಿಗಿಡಬೇಡಿ. ರಾಜಿಯಾಗಬಲ್ಲ ಪ್ರಕರಣಗಳನ್ನು ಲೋಕ ಅದಾಲತ್‌ನಲ್ಲಿಯೂ ತೀರಿಸಿಕೊಳ್ಳಬಹುದು. ಅಲ್ಲಿ ಆದ ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ.

ವಾರಂಟು ಹೊರಟಿದ್ದರೆ ಅಡಗಿ ಕೂರಬೇಡಿ. ವಕೀಲರ ಮೂಲಕ ಹಾಜರಾಗಿ ವಾರಂಟು ರದ್ದುಪಡಿಸಲು ಅರ್ಜಿ ಕೊಡಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಕಾನೂನು ನೆರವು ಉಚಿತ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಿ, ಅಥವಾ 15100ಕ್ಕೆ ಕರೆ ಮಾಡಿ.

ಅಪಘಾತದ ಪ್ರಕರಣ ಬೇರೆ. ಹೆಲ್ಮೆಟ್ ದಂಡದಂತೆ ಅದನ್ನು 'ಒಪ್ಪಿಕೊಂಡು ಮುಗಿಸಿಬಿಡೋಣ' ಎನ್ನಬಾರದು. ಅಜಾಗರೂಕ ಚಾಲನೆಯ ಆರೋಪಕ್ಕೆ ತಪ್ಪೊಪ್ಪಿಕೊಂಡರೆ ಆ ದಾಖಲೆಯನ್ನು ಮುಂದೆ ಪರಿಹಾರದ ಪ್ರಕರಣದಲ್ಲಿ ತಮ್ಮ ವಿರುದ್ಧ ಬಳಸಬಹುದು. ವಕೀಲರನ್ನು ಕೇಳಿಯೇ ಹೆಜ್ಜೆ ಇಡಿ. ರಾಸು ಸಾಗಿಸುವಾಗ ಹೂಡಿದ ಪ್ರಾಣಿಹಿಂಸೆ ಅಥವಾ ಜಾನುವಾರು ಕಾಯ್ದೆಯ ಪ್ರಕರಣಕ್ಕೂ ಇದೇ ಮಾತು. ಅದು ಸಂಚಾರ ದಂಡವಲ್ಲ. ಪ್ರಯಾಣಕ್ಕೆ ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರವಿಲ್ಲದೆ ರಾಸನ್ನು ವಾಹನಕ್ಕೆ ಹತ್ತಿಸಬೇಡಿ.

ಮಾರಿದ ವಾಹನ, ಮಗನ ಕೈಗೆ ಕೊಟ್ಟ ವಾಹನ

ಹಳೆಯ ಬೈಕನ್ನು ಮಾತಿನ ಮೇಲೆ ಮಾರಿ ಆರ್‌.ಸಿ.ಯಲ್ಲಿ ತಮ್ಮ ಹೆಸರನ್ನೇ ಉಳಿಸಿದ್ದರೆ, ಕೊಂಡವನು ಮಾಡಿದ ತಪ್ಪಿನ ನೋಟೀಸು ತಮ್ಮ ಮನೆಗೇ ಬರುತ್ತದೆ. ಇದು ದಂಡಕ್ಕೆ ನಿಲ್ಲುವುದಿಲ್ಲ. ಆರ್‌.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆ ಇಲ್ಲದಿದ್ದರೆ ಹೊಲವನ್ನೇ ಮಾರಿ ಕೊಡಬೇಕಾದ ಪರಿಸ್ಥಿತಿ ಬಂದೀತು. ರಾಜ್ಯದೊಳಗೆ ಮಾರಿದರೆ 14 ದಿನದೊಳಗೆ ಆರ್‌.ಟಿ.ಒ.ಗೆ ತಿಳಿಸಬೇಕು. ನಮೂನೆ 29 ಮತ್ತು 30 ಸಲ್ಲಿಸಿ, ವರ್ಗಾವಣೆ ಮುಗಿದದ್ದನ್ನು ತಾವೇ ಖಚಿತಪಡಿಸಿಕೊಳ್ಳಿ.

2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿಯಂತೆ ಪರವಾನಗಿ ಇಲ್ಲದೆ ಓಡಿಸಿದರೆ 5,000 ರೂಪಾಯಿ ದಂಡವಿದೆ. ವಿಮೆ ಇಲ್ಲದಿದ್ದರೆ ಮೊದಲ ಸಲ 2,000 ರೂಪಾಯಿ. ವಯಸ್ಸಾಗದ ಮಗನ ಕೈಗೆ ಬೈಕು ಕೊಟ್ಟು ಡೇರಿಗೆ ಕಳಿಸಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ.

ಮೋಸದ ಸಂದೇಶ

'ನಿಮ್ಮ ವಾಹನಕ್ಕೆ ದಂಡ ಬಿದ್ದಿದೆ, ಈ ಫೈಲು ತೆರೆಯಿರಿ' ಎಂದು ವಾಟ್ಸ್ಆ್ಯಪ್‌ನಲ್ಲಿ ಎ.ಪಿ.ಕೆ. ಫೈಲು ಬಂದರೆ ಮುಟ್ಟಬೇಡಿ. ಅದರ ಮೂಲಕ ಕಳ್ಳರು ಮೊಬೈಲನ್ನು ವಶಕ್ಕೆ ತೆಗೆದುಕೊಂಡು, ಹಾಲಿನ ಬಟವಾಡೆ ಜಮೆಯಾಗುವ ಖಾತೆಯನ್ನೇ ಬರಿದು ಮಾಡುತ್ತಾರೆ. ಸರ್ಕಾರಿ ತಾಣದ ವಿಳಾಸ 'ಜಿಒವಿ ಡಾಟ್ ಇನ್' ಎಂದು ಮುಗಿಯುತ್ತದೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ.

ಕಾಪಾಡುವ ಕ್ರಮ

ಹಣ ಕಟ್ಟಿದ ಕೂಡಲೇ ಕೆಲಸ ಮುಗಿಯಲಿಲ್ಲ. ಕೆಲವು ದಿನ ಬಿಟ್ಟು ಅದೇ ತಾಣದಲ್ಲಿ ಬಾಕಿ ತೆಗೆದಿದೆಯೇ ಎಂದು ನೋಡಿ. ರಸೀದಿ ಇಲ್ಲದೆ ಯಾರ ಕೈಗೂ ನಗದು ಕೊಡಬೇಡಿ. ಪರವಾನಗಿಯನ್ನೋ ಆರ್‌.ಸಿ.ಯನ್ನೋ ವಶಪಡಿಸಿಕೊಂಡರೆ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ಯಂತ್ರದಿಂದ ಬರುವ ದಂಡದ ರಸೀದಿ ಸಂಘದ ಹಾಲಿನ ಚೀಟಿಯಂತೆ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿಹೋಗುತ್ತದೆ. ಅಂದೇ ಜೆರಾಕ್ಸ್ ಮಾಡಿಸಿ. ಆರ್‌.ಸಿ., ವಿಮೆ, ರಸೀದಿ, ನ್ಯಾಯಾಲಯದ ಆದೇಶ ಎಲ್ಲವನ್ನೂ ರಾಸುಗಳ ವಿಮಾ ಪತ್ರದ ಜೊತೆ ಒಂದೇ ಕಡೆ ಇಡಿ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ದಾಖಲೆಗಳಿಗೆ 2018ರಿಂದ ಮೂಲ ದಾಖಲೆಯಷ್ಟೇ ಮಾನ್ಯತೆ ಇದೆ.

ಕೆಚ್ಚಲು ಬಾವನ್ನು ಮೊದಲ ಹಾಲಿನ ಹೆಪ್ಪಿನಲ್ಲೇ ಗುರುತಿಸಿದರೆ ಮೊಲೆ ಉಳಿಯುತ್ತದೆ. ಮೂರು ತಿಂಗಳಿಗೊಮ್ಮೆ ತಮ್ಮ ವಾಹನದ ಸಂಖ್ಯೆಯನ್ನು ಹಾಕಿ ನೋಡುವ ಅಭ್ಯಾಸವೂ ಅಂಥದ್ದೇ. ಓದಲು ಬಾರದ ಹಿರಿಯರಿಗೆ ಮನೆಯ ವಿದ್ಯಾವಂತ ಮಕ್ಕಳು ಈ ಕೆಲಸ ಮಾಡಿಕೊಡಲಿ.