ಸೈಕಲ್ ಸವಾರರ ಉಡುಪು: ಹೆಸರೋ, ಹೊಲಿಗೆಯೋ?

ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ನಸುಕಿಗೇ ಸೈಕಲ್ ಏರುವ ಯುವಕರನ್ನು ಕಾಣುತ್ತೇವೆ. ಹೆಸರಾಂತ ಕಂಪನಿಯ ಉಡುಪು ಕೊಳ್ಳಬೇಕೇ, ಸಣ್ಣ ತಯಾರಕರದು ಸಾಕೇ ಎಂಬುದು ಅವರ ಪ್ರಶ್ನೆ.

ಜರ್ಸಿಯ ಮಟ್ಟಿಗೆ ಸಣ್ಣವರದೇ ಸಾಕೆಂಬುದು ನಮ್ಮ ಅಭಿಪ್ರಾಯ. ಬೆವರು ಬೇಗ ಆರುವ ಪಾಲಿಯೆಸ್ಟರ್ ಬಟ್ಟೆಯಾದರಾಯಿತು. ಎದೆಯ ಮೇಲಿನ ಮುದ್ರೆಗೆ ಹಣ ತೆರಬೇಕಿಲ್ಲ.

ಚಡ್ಡಿಯ ಮಾತು ಬೇರೆ. ಅದರೊಳಗಿನ ಮೆತ್ತೆ ಸರಿಯದೆ, ಮಡಿಚಿಕೊಳ್ಳದೆ ಇದ್ದಲ್ಲೇ ನಿಲ್ಲಬೇಕು. ಇಲ್ಲವಾದರೆ ತೊಡೆಸಂದಿನ ಚರ್ಮ ಉಜ್ಜಿ, ರೋಮಕೂಪಗಳಿಗೆ ಸೋಂಕು ತಗಲಿ ಕುರುವೇಳುತ್ತದೆ. ಆದ್ದರಿಂದ ಮೊದಲ ಚಡ್ಡಿಯನ್ನಾದರೂ ತೊಟ್ಟು, ಸವಾರಿಯ ಭಂಗಿಯಲ್ಲಿ ಬಾಗಿ ನೋಡಲು ಬಿಡುವ ಅಂಗಡಿಯಲ್ಲೇ ಕೊಳ್ಳುವುದು ಲೇಸು. ಈ ಅನುಕೂಲ ಹೆಚ್ಚಾಗಿ ದೊಡ್ಡ ಕಂಪನಿಗಳಲ್ಲಿದೆ. ಸಣ್ಣ ತಯಾರಕರು ಅಳತೆಗೆ ಹೊಲಿದುಕೊಡುವುದಾದರೆ ಅವರನ್ನು ಬಿಡಬೇಕಾಗಿಲ್ಲ.

ಯಾರದೇ ಆಗಲಿ, ಒಳಚಡ್ಡಿಯ ಮೇಲೆ ಇದನ್ನು ತೊಡಬಾರದು. ಪ್ರತಿ ಸವಾರಿಯ ಬಳಿಕ ಒಗೆದು ಗಾಳಿಗೆ ಒಣಗಿಸಬೇಕು.